ಲುಕ್ಮಾನರು ಮಗನಿಗೆ ಹೇಳಿದ್ದು

ಚನ್ನಗಿರಿಯಾಗಲಿ, ಹೊನ್ನಾಳಿ, ನ್ಯಾಮತಿ, ಜಗಳೂರಾಗಲಿ, ಪರೀಕ್ಷೆಯ ಫಲಿತಾಂಶ ಬಂದ ದಿನ ಕೆಲವು ಮನೆಗಳ ಅಪ್ಪಂದಿರ ದನಿ ಬೀದಿಗೆ ಕೇಳುತ್ತದೆ. "ಪಕ್ಕದ ಮನೆ ಹುಡುಗನ್ನ ನೋಡಿ ಕಲಿ" ಎಂದು ಶುರುವಾಗುವ ಉಪದೇಶ ಮಗನ ಕಿವಿಯನ್ನು ಮುಟ್ಟುತ್ತದೆ, ಮನಸ್ಸನ್ನು ಮುಟ್ಟುವುದಿಲ್ಲ. ಹಾಗಾದರೆ ಬುದ್ಧಿ ಹೇಳುವ ಬಗೆ ಯಾವುದು?

ಪವಿತ್ರ ಕುರ್‌ಆನಿನ 31ನೆಯ ಅಧ್ಯಾಯಕ್ಕೆ ಮಗನಿಗೆ ಬುದ್ಧಿ ಹೇಳಿದ ಒಬ್ಬ ತಂದೆಯ ಹೆಸರೇ ಇದೆ: ಲುಕ್ಮಾನ್. ಹೆಚ್ಚಿನ ವಿದ್ವಾಂಸರ ಪ್ರಕಾರ ಅವರು ಪ್ರವಾದಿಯಲ್ಲ, ವಿವೇಕಿ. ಆಫ್ರಿಕಾ ಮೂಲದ ಗುಲಾಮರಾಗಿದ್ದರೆಂದೂ ಬಡಗಿಯಾಗಿದ್ದರೆಂದೂ ಹಳೆಯ ವ್ಯಾಖ್ಯಾನಕಾರರು ಹೇಳುತ್ತಾರೆ. ಕುರಿ ಕೊಯ್ದು ಅದರ ಅತ್ಯುತ್ತಮ ಭಾಗಗಳೆರಡನ್ನು ತಾ ಎಂದು ಒಡೆಯ ಹೇಳಿದಾಗ ಅವರು ನಾಲಿಗೆ, ಹೃದಯಗಳನ್ನು ತಂದರಂತೆ. ಅತಿ ಕೆಟ್ಟ ಭಾಗಗಳನ್ನು ಕೇಳಿದಾಗಲೂ ತಂದದ್ದು ಅವೇ ಎರಡು!

ಅವರು ಮಗನಿಗೆ ಹೇಳಿದ್ದು ಕೆಲವೇ ವಚನಗಳಷ್ಟು. ಅಷ್ಟರಲ್ಲೇ ಮೂರು ಬಾರಿ 'ಯಾ ಬುನಯ್ಯ' ಎನ್ನುತ್ತಾರೆ. ಅದು ಬರಿಯ 'ಮಗನೇ' ಅಲ್ಲ, 'ನನ್ನ ಪುಟ್ಟ ಮಗನೇ'. ಇಲ್ಲಿನ ಮುಸ್ಲಿಂ ಮನೆಗಳ 'ಬೇಟಾ'ದಲ್ಲಿ, ಉಳಿದವರ 'ತಮ್ಮಾ', 'ಮಗಾ'ಗಳಲ್ಲಿ ಇರುವ ಅಕ್ಕರೆಯೇ ಅದರಲ್ಲಿದೆ.

ದೇವರಿಗೆ ಯಾರನ್ನೂ ಸಮಾನವಾಗಿಸಬೇಡ ಎಂಬುದು ಮೊದಲ ಮಾತು. ಅದಾದೊಡನೆ, ತಂದೆಯ ಮಾತಿನ ನಡುವೆ ದೇವರ ಮಾತೇ ಬರುತ್ತದೆ. ತಾಯಿ ಬಳಲಿಕೆಯ ಮೇಲೆ ಬಳಲಿಕೆ ಸಹಿಸಿ ಹೊತ್ತದ್ದು, ಎರಡು ವರ್ಷಕ್ಕೆ ಹಾಲು ಬಿಡಿಸಿದ್ದು ಅಲ್ಲಿದೆ. ಹೆತ್ತವರು ದೇವರಿಗೆ ಇನ್ನೊಬ್ಬರನ್ನು ಸಮಾನವಾಗಿಸೆಂದು ಒತ್ತಾಯಿಸಿದರೆ ಆ ಮಾತು ಕೇಳಬೇಡ, ಆದರೂ ಈ ಲೋಕದಲ್ಲಿ ಅವರೊಡನೆ ಚೆನ್ನಾಗಿ ಬಾಳು ಎನ್ನುತ್ತದೆ ಗ್ರಂಥ. ವಿಧೇಯತೆಗೆ ಎಲ್ಲೆಯಿದೆ, ಸೌಜನ್ಯಕ್ಕಿಲ್ಲ. ಅಪ್ಪ ಒಪ್ಪದ ಕೋರ್ಸು ಹಿಡಿದು ಮನೆಯಲ್ಲಿ ಮಾತು ಬಿಟ್ಟ ಹುಡುಗರೂ, ಮಾತು ಬಿಟ್ಟ ಅಪ್ಪಂದಿರೂ ಈ ಜಾಗದಲ್ಲಿ ತುಸು ಹೊತ್ತು ನಿಲ್ಲಬಹುದು.

ಬಳಿಕ ಬರುತ್ತದೆ ಸಾಸಿವೆ. ಒಂದು ಸಾಸಿವೆ ಕಾಳಿನಷ್ಟು ಕೃತ್ಯ ಬಂಡೆಯೊಳಗೆ ಅಡಗಿರಲಿ, ಆಕಾಶದಲ್ಲಿರಲಿ, ನೆಲದಲ್ಲಿರಲಿ, ದೇವರು ಅದನ್ನು ಹೊರಗೆ ತರುತ್ತಾನೆ. ಒಗ್ಗರಣೆಯಿಂದ ಸಿಡಿದು ಮೂಲೆ ಸೇರಿದ ಕಾಳನ್ನು ಹುಡುಕಿದವರಿಗೆ ಈ ಹೋಲಿಕೆಯ ಬಿಗಿ ಗೊತ್ತು. ಪರೀಕ್ಷೆಯಲ್ಲಿ ನಕಲು ಮಾಡುವ ಹುಡುಗನಿಗೆ ಕೊಠಡಿಯ ಮೇಲ್ವಿಚಾರಕರ ಕಣ್ಣು ತಪ್ಪಿಸಿದರೆ ಸಾಕು. ಲುಕ್ಮಾನರ ಮಗನಿಗೆ ಅಷ್ಟು ಸಾಲದು. ಗಮನಿಸಬೇಕಾದದ್ದೆಂದರೆ, ಇಲ್ಲಿ ತಂದೆ 'ನಾನು ನೋಡುತ್ತಿದ್ದೇನೆ' ಎನ್ನುವುದಿಲ್ಲ. ಕಾವಲುಗಾರನ ಕೆಲಸವನ್ನು ಅವರು ತಮ್ಮ ಮೇಲೆ ಹಾಕಿಕೊಂಡೇ ಇಲ್ಲ.

ನಮಾಜು, ಒಳಿತಿನ ಬೋಧೆ, ಕೆಡುಕಿನ ತಡೆ, ಕಷ್ಟದಲ್ಲಿ ಸಹನೆ ಇವಿಷ್ಟನ್ನೂ ಹೇಳಿದ ಮೇಲೆ ಮಾತು ನಡೆನುಡಿಗೆ ಇಳಿಯುತ್ತದೆ. ಜನರಿಂದ ಕೆನ್ನೆ ತಿರುಗಿಸಬೇಡ ಎಂಬಲ್ಲಿರುವ ಅರಬಿ ಪದ ಒಂಟೆಯ ಕುತ್ತಿಗೆ ಸೊಟ್ಟಗಾಗುವ ರೋಗದ ಹೆಸರಿಗೆ ಸಂಬಂಧಿಸಿದ್ದು. ಹೆಚ್ಚು ಅಂಕ ಬಂದೊಡನೆ ಹಳೆಯ ಗೆಳೆಯನನ್ನು ಕಂಡೂ ಕಾಣದಂತೆ ಹೋಗುವವನ ಚಿತ್ರ ಇದಕ್ಕಿಂತ ಚೆನ್ನಾಗಿ ಬರೆಯಲಾದೀತೆ? ನೆಲದ ಮೇಲೆ ಬೀಗುತ್ತ ನಡೆಯಬೇಡ, ನಡಿಗೆ ಹದವಾಗಿರಲಿ. ಕೊನೆಯದು ದನಿಯ ಮಾತು: ದನಿಯನ್ನು ತಗ್ಗಿಸು, ದನಿಗಳಲ್ಲೆಲ್ಲ ಅತಿ ಕರ್ಕಶವಾದದ್ದು ಕತ್ತೆಯದು.

ಇದನ್ನು ಹೇಳುವಾಗ ಆ ತಂದೆಯ ದನಿ ಎಷ್ಟು ಏರಿದ್ದೀತು?