ಆ ಟಿ-ಶರ್ಟನ್ನು ನಾವು ಹಾಕಿಕೊಳ್ಳುವುದಿಲ್ಲ



ಕಥೋಲಿಕ ವಿದ್ಯಾಸಂಸ್ಥೆಯೊಂದರ ತಂಡ ದೊಡ್ಡ ಪಟ್ಟ ಗೆದ್ದಿತೆಂದರೆ ನಮಗೆ ಹೆಮ್ಮೆಯಾಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಅಮೆರಿಕದ ಇಂಡಿಯಾನಾದಲ್ಲಿ ಹೋಲಿ ಕ್ರಾಸ್ ಸಭೆಯ ಗುರುಗಳು 1842ರಲ್ಲಿ ಆರಂಭಿಸಿದ ನೋಟರ್ ಡೇಮ್ ವಿಶ್ವವಿದ್ಯಾಲಯದ ಹೆಸರಿನ ಅರ್ಥವೇ 'ನಮ್ಮ ಮಾತೆ'. 1988ರಲ್ಲಿ ಅಲ್ಲಿನ ಫುಟ್‌ಬಾಲ್ ತಂಡ 12 ಪಂದ್ಯ ಆಡಿ 12ನ್ನೂ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು.

ಆದರೆ ಈ ಕಥೆ ಹೇಳುವವರು ಮೊದಲು ನೆನಪಿಸುವುದು ಹೆಚ್ಚಾಗಿ ಒಂದು ಟಿ-ಶರ್ಟನ್ನು. ಮಯಾಮಿ ವಿಶ್ವವಿದ್ಯಾಲಯದ ವಿರುದ್ಧದ ಪಂದ್ಯಕ್ಕಾಗಿ ವಿದ್ಯಾರ್ಥಿಗಳು ಅಚ್ಚು ಹಾಕಿಸಿ ಮಾರಿದ್ದು. ಅದರ ಮೇಲಿದ್ದ ಮಾತು 'ಕ್ಯಾಥೊಲಿಕ್ಸ್ ವರ್ಸಸ್ ಕನ್ವಿಕ್ಟ್ಸ್'. ಈ ಕಡೆ ಕಥೋಲಿಕರು, ಆ ಕಡೆ ಜೈಲಿನವರು! 2016ರಲ್ಲಿ ಬಂದ ಸಾಕ್ಷ್ಯಚಿತ್ರಕ್ಕೂ ಅದೇ ಹೆಸರು. ಇದನ್ನು ಕೇಳಿ "ಭಾರಿ ಚೆನ್ನಾಗಿದೆ" ಎಂದು ನಗುವವರು ನಮ್ಮಲ್ಲೂ ಇದ್ದಾರೆ. ನಾವು ಹೇಳುವುದು ಇಷ್ಟೇ: ಆ ವರ್ಷ ಮೈದಾನದಲ್ಲಿ ಒಮ್ಮೆಯೂ ಸೋಲದವರು ಆ ಟಿ-ಶರ್ಟಿನಲ್ಲಿ ಸೋತರು.

ಮೊದಲು ಗೆಲುವಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಅಮೆರಿಕದವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಎದುರಾಳಿಯ ಗೆರೆ ದಾಟಿಸಿದರೆ 6 ಅಂಕ, ದೂರದಿಂದ ಒದ್ದು ಕಂಬಗಳ ನಡುವೆ ಹಾಯಿಸಿದರೆ 3. ಆ ಋತುವಿನ ಮೊದಲ ಪಂದ್ಯದಲ್ಲಿ ಮಿಶಿಗನ್ ತಂಡವನ್ನು 19-17ರಿಂದ ಸೋಲಿಸಿದಾಗ, 19ರಲ್ಲಿ 12 ಅಂಕ ತಂದವನು ರೆಜಿ ಹೋ ಎಂಬ ಸಣ್ಣ ಮೈಕಟ್ಟಿನ ಹುಡುಗ. ಆಟಕ್ಕಾಗಿ ವಿದ್ಯಾರ್ಥಿವೇತನ ಪಡೆದು ಬಂದವನಲ್ಲ. ವೈದ್ಯನಾಗಬೇಕೆಂದು ಓದುತ್ತಿದ್ದವನು, ಮುಂದೆ ಹೃದಯದ ವೈದ್ಯನೇ ಆದ. ನಾಲ್ಕು ಸಲ ಒದ್ದ, ನಾಲ್ಕೂ ಸಲ ಸರಿಯಾಗಿ ಒದ್ದ.

ನವೆಂಬರ್ 26ರಂದು ಲಾಸ್ ಏಂಜಲೀಸ್‌ನಲ್ಲಿ ಯುಎಸ್‌ಸಿ ವಿರುದ್ಧ ಪಂದ್ಯ. ಮೊದಲ ಸ್ಥಾನದ ತಂಡಕ್ಕೂ ಎರಡನೇ ಸ್ಥಾನದ ತಂಡಕ್ಕೂ ನಡುವಿನ ಹೋರಾಟ. ಆಗ ತರಬೇತುದಾರ ಲೂ ಹೋಲ್ಟ್ಸ್ ತಮ್ಮ ಇಬ್ಬರು ಮುಖ್ಯ ಆಟಗಾರರಾದ ಟೋನಿ ಬ್ರೂಕ್ಸ್ ಮತ್ತು ರಿಕಿ ವಾಟರ್ಸ್ ಅವರನ್ನು ಆಡಿಸದೆ ಮನೆಗೆ ಕಳುಹಿಸಿದರು. ಕಾರಣ ಏನು? ಮತ್ತೆ ಮತ್ತೆ ತಡವಾಗಿ ಬಂದದ್ದು. ಅವರಿಲ್ಲದೆಯೇ ತಂಡ 27-10ರಿಂದ ಗೆದ್ದಿತು. 1989ರ ಜನವರಿ 2ರಂದು ವೆಸ್ಟ್ ವರ್ಜೀನಿಯಾವನ್ನು 34-21ರಿಂದ ಸೋಲಿಸಿ ಪಟ್ಟ ಏರಿತು. ಈ ಶಿಸ್ತನ್ನು ನಮ್ಮ ಧರ್ಮಕೇಂದ್ರದ ಪ್ರತಿ ತಂಡಕ್ಕೂ ಹೇಳಿಕೊಡೋಣ. ನಮ್ಮ ತಕರಾರು ಇದರ ಬಗ್ಗೆ ಅಲ್ಲ.

ತಕರಾರು ಇರುವುದು ಅಕ್ಟೋಬರ್ 15ರ ಬಗ್ಗೆ. ಮಯಾಮಿ ಹಿಂದಿನ ವರ್ಷದ ಚಾಂಪಿಯನ್. 1985ರಲ್ಲಿ ಇದೇ ನೋಟರ್ ಡೇಮನ್ನು 58-7ರಿಂದ ಹೊಡೆದು ಹಾಕಿದವರು. ಆ ಗಾಯ ಇನ್ನೂ ಹಸಿಯಾಗಿತ್ತು. ಸಿಟ್ಟು ಬರುವುದು ಸಹಜ. ಸಿಟ್ಟಿಗೆ ಶಿಲುಬೆಯ ಹೆಸರು ಕೊಟ್ಟದ್ದು ಸಹಜವಲ್ಲ.

"ಅದು ಬರೀ ತಮಾಷೆ" ಎನ್ನುವವರಿಗೆ ನಮ್ಮ ಪ್ರಶ್ನೆ: ತಮಾಷೆ ಯಾರ ಬೆನ್ನಿನ ಮೇಲೆ? ಮಯಾಮಿಯ ಕೆಲವು ಆಟಗಾರರು ಆ ವರ್ಷಗಳಲ್ಲಿ ಪೊಲೀಸರ ಕೈಗೆ ಸಿಕ್ಕಿದ್ದು ನಿಜ. ಆದರೆ ಟಿ-ಶರ್ಟು 'ಕೆಲವರು' ಎನ್ನಲಿಲ್ಲ, ಇಡೀ ತಂಡವನ್ನೇ ಜೈಲಿಗೆ ಹಾಕಿತು. ಆ ತಂಡದಲ್ಲಿ ಬಹಳ ಮಂದಿ ಕಪ್ಪು ಜನಾಂಗದ ಹುಡುಗರು. ಕಪ್ಪು ಹುಡುಗನನ್ನು ಕಂಡೊಡನೆ ಅಪರಾಧಿ ಎಂದು ಎಣಿಸುವ ಚಾಳಿ ಇರುವ ದೇಶದಲ್ಲಿ ಆ ಮಾತು ಎಲ್ಲಿ ಹೋಗಿ ನಾಟುತ್ತದೆ ಎಂದು ವಿವರಿಸಬೇಕೇ? ಇನ್ನೊಂದು ವಿಷಯ ಕೇಳಿ. ಮಯಾಮಿಗೆ ಚೆಂಡು ಎಸೆಯುತ್ತಿದ್ದ ಸ್ಟೀವ್ ವಾಲ್ಶ್ ಓದಿದ್ದು ಸೇಂಟ್ ಪಾಲ್ ನಗರದ ಕಥೋಲಿಕ ಪ್ರೌಢಶಾಲೆಯಲ್ಲಿ. ಹಾಗಾದರೆ ಅವನನ್ನು ಯಾವ ಕಡೆ ನಿಲ್ಲಿಸುತ್ತೀರಿ?

ನೋಟರ್ ಡೇಮಿನ ಸ್ವಂತ ಚರಿತ್ರೆಯೇ ಈ ಟಿ-ಶರ್ಟಿಗೆ ವಿರುದ್ಧ ಸಾಕ್ಷಿ ಹೇಳುತ್ತದೆ. 1920ರ ದಶಕದಲ್ಲಿ ಇಂಡಿಯಾನಾದಲ್ಲಿ ಕು ಕ್ಲುಕ್ಸ್ ಕ್ಲಾನ್ ಬಲವಾಗಿತ್ತು. ಕಥೋಲಿಕರು ದೇಶಕ್ಕೆ ನಿಷ್ಠರಲ್ಲ, ನಂಬಲು ತಕ್ಕವರಲ್ಲ ಎಂದು ಅವರು ಸಾರುತ್ತಿದ್ದರು. 1924ರ ಮೇ ತಿಂಗಳಲ್ಲಿ ಅವರು ಸೌತ್ ಬೆಂಡ್ ಪಟ್ಟಣದಲ್ಲಿ ಸೇರಿದಾಗ ನೋಟರ್ ಡೇಮಿನ ವಿದ್ಯಾರ್ಥಿಗಳೇ ಬೀದಿಗಿಳಿದು ಎದುರಿಸಿದರು. ಇಡೀ ಸಮುದಾಯಕ್ಕೆ ಒಂದೇ ಹಣೆಪಟ್ಟಿ ಅಂಟಿಸಿದರೆ ಹೇಗಿರುತ್ತದೆ ಎಂದು ಗೊತ್ತಿದ್ದವರು ಅವರು. 64 ವರ್ಷದ ನಂತರ ಅದೇ ಅಂಗಳದ ಹುಡುಗರು ಬೇರೆಯವರಿಗೆ ಹಣೆಪಟ್ಟಿ ಅಚ್ಚು ಹಾಕಿದರು. ಅದೇ 1924ರ ಋತುವಿನಲ್ಲಿ ಅಜೇಯರಾಗಿ ಚಾಂಪಿಯನ್ ಆದ ತಂಡದ ತರಬೇತುದಾರ ಕ್ನೂಟ್ ರಾಕ್ನಿ. ಅವರು ಆಗ ಕಥೋಲಿಕರೇ ಅಲ್ಲ, ಲುಥೆರನ್ ಮನೆತನದವರು. ಕಥೋಲಿಕ ಸಭೆಗೆ ಸೇರಿದ್ದು 1925ರಲ್ಲಿ. ಇದು ನಮ್ಮವರು ಮತ್ತು ಅವರ ನಡುವಿನ ಧರ್ಮಯುದ್ಧವಾಗಿದ್ದರೆ, ಆ ಮೊದಲ ಪಟ್ಟ ಯಾರ ಲೆಕ್ಕಕ್ಕೆ?

"ಆದರೂ ಕೊನೆಗೆ ಗೆದ್ದವರು ಕಥೋಲಿಕರೇ ಅಲ್ಲವೇ?" ಎಂಬುದು ಇನ್ನೊಂದು ಮಾತು. ಹೇಗೆ ಗೆದ್ದರು, ನೋಡೋಣ. ಆಟ ಮುಗಿಯಲು 45 ಸೆಕೆಂಡ್ ಇರುವಾಗ ಮಯಾಮಿ ಗೆರೆ ದಾಟಿತು. ಲೆಕ್ಕ 31-30. ಸುಲಭವಾಗಿ ಒದ್ದು 1 ಅಂಕ ಪಡೆದಿದ್ದರೆ ಸಮ. ತರಬೇತುದಾರ ಜಿಮ್ಮಿ ಜಾನ್ಸನ್‌ಗೆ ಸಮ ಬೇಡವಾಗಿತ್ತು. ಗೆಲ್ಲಲೇಬೇಕೆಂದು 2 ಅಂಕದ ಪ್ರಯತ್ನಕ್ಕೆ ಇಳಿದರು. ವಾಲ್ಶ್ ಎಸೆದ ಚೆಂಡನ್ನು ನೋಟರ್ ಡೇಮಿನ ಪ್ಯಾಟ್ ಟೆರೆಲ್ ತಟ್ಟಿ ಕೆಡವಿದ. ಅಲ್ಲಿಗೆ ಮುಗಿಯಿತು. ಅದಕ್ಕೂ ಮೊದಲು ಗೆರೆಯ ಹತ್ತಿರ ಅಂಪೈರರು ಕೊಟ್ಟ ಒಂದು ತೀರ್ಪನ್ನು ಮಯಾಮಿಯವರು ಇಂದಿಗೂ ಒಪ್ಪುವುದಿಲ್ಲ. ಟೆರೆಲ್‌ನ ಕೈ ಸ್ವಲ್ಪ ತಡವಾಗಿದ್ದರೆ ನಮ್ಮ ವಿಶ್ವಾಸವೇ ಸುಳ್ಳಾಗುತ್ತಿತ್ತೇ? ಒಂದು ಅಂಕದ ಮೇಲೆ ನಿಲ್ಲುವ ದೇವರನ್ನು ನಾವು ಆರಾಧಿಸುವುದಿಲ್ಲ.

ಆ ಮೈದಾನದಿಂದ ನೋಡಿದರೆ ವಿಶ್ವವಿದ್ಯಾಲಯದ ಗ್ರಂಥಾಲಯದ ಗೋಡೆಯ ಮೇಲೆ ಕೈಗಳನ್ನೆತ್ತಿದ ಯೇಸುಸ್ವಾಮಿಯ ಬೃಹತ್ ಚಿತ್ರ ಕಾಣುತ್ತದೆ. ಅಭಿಮಾನಿಗಳು ಅದಕ್ಕೆ 'ಟಚ್‌ಡೌನ್ ಜೀಸಸ್' ಎಂದು ಹೆಸರಿಟ್ಟಿದ್ದಾರೆ, ನಮ್ಮ ತಂಡದ ಅಂಕಕ್ಕೆ ಸ್ವಾಮಿಯೇ ಕೈ ಎತ್ತಿದರೋ ಎಂಬಂತೆ. ಆದರೆ ಆ ಸ್ವಾಮಿ ಯಾರು? ರಾತ್ರಿಯಲ್ಲಿ ಬಂಧಿತರಾದವರು. ವಿಚಾರಣೆಗೆ ನಿಂತವರು. ಶಿಕ್ಷೆಗೊಳಗಾಗಿ ಇಬ್ಬರು ಅಪರಾಧಿಗಳ ನಡುವೆ ಪ್ರಾಣ ಬಿಟ್ಟವರು. ಅವರು ಸ್ವರ್ಗದ ಮಾತು ಕೊಟ್ಟದ್ದು ಪಕ್ಕದ ಶಿಲುಬೆಯಲ್ಲಿದ್ದ ಕೈದಿಗೆ. ಪೇತ್ರರು ಸೆರೆಮನೆ ಕಂಡವರು, ಪೌಲರು ಸೆರೆಯಲ್ಲಿದ್ದುಕೊಂಡೇ ಪತ್ರ ಬರೆದವರು. ಅಂತಿಮ ತೀರ್ಪಿನ ದಿನ ಸ್ವಾಮಿ ತಮ್ಮನ್ನು ಸೆರೆಯಲ್ಲಿರುವವನ ಜೊತೆ ಎಣಿಸಿಕೊಳ್ಳುವರೆಂದು ಮತ್ತಾಯನ ಶುಭಸಂದೇಶ ಹೇಳುತ್ತದೆ. ಈಗ ಹೇಳಿ, ಆ ಟಿ-ಶರ್ಟಿನ ಎರಡು ಕಡೆಗಳಲ್ಲಿ ಸ್ವಾಮಿ ಯಾವ ಕಡೆ ನಿಲ್ಲುತ್ತಾರೆ?

ಇದೆಲ್ಲ ದೂರದ ಅಮೆರಿಕದ ಮಾತಲ್ಲ. ಗಡಿಯಲ್ಲಿರುವ ನಮಗೆ ಭಾಷೆಯ ಹೆಸರಿನಲ್ಲಿ, ಧರ್ಮದ ಹೆಸರಿನಲ್ಲಿ ಹಣೆಪಟ್ಟಿ ಅಂಟಿಸಿಕೊಂಡ ಅನುಭವ ಇದೆ. ಆದರೂ ಪಂದ್ಯದ ದಿನ ನೆರೆಯ ಊರಿನ ತಂಡಕ್ಕೆ ನಾವೇ ಕೂಗುವ ಮಾತುಗಳು ಎಂಥವು? ಅದನ್ನು ಪೂಜೆ ಮುಗಿಸಿ ಬಂದ ಬಾಯಿಯೇ ಕೂಗುತ್ತದೆ. ನಮ್ಮ ಮನೆಯವರೂ ಬದಿಯಲ್ಲಿ ನಿಂತು ಕೇಳುತ್ತಾರೆ, ನಗುತ್ತಾರೆ. ಈ ಮಾತು ನಮಗೂ ಸೇರಿಸಿಯೇ ಹೇಳುತ್ತಿದ್ದೇವೆ.

ಆದ್ದರಿಂದ ಮುಂದಿನ ಪಂದ್ಯಕ್ಕೆ ಜೆರ್ಸಿ ಹೊಲಿಸುವ ಮೊದಲು ಒಂದು ತೀರ್ಮಾನ ಮಾಡೋಣ. ಬೆನ್ನ ಮೇಲೆ ನಮ್ಮ ಹೆಸರು ಇರಲಿ, ಬೇರೆಯವರ ಅವಮಾನ ಬೇಡ. ತಡವಾಗಿ ಬಂದವನು ಎಷ್ಟೇ ಚೆನ್ನಾಗಿ ಆಡಲಿ, ಅಂದು ಹೊರಗೆ ಕೂರಲಿ. ರೆಜಿ ಹೋನಂತೆ ಯಾರೂ ಲೆಕ್ಕಕ್ಕೆ ಹಿಡಿಯದ ಹುಡುಗನಿಗೆ ಒಂದು ಅವಕಾಶ ಸಿಗಲಿ. ಗೆದ್ದರೆ ಮೊದಲು ಎದುರು ತಂಡದವರ ಕೈ ಕುಲುಕೋಣ, ಆಮೇಲೆ ಕಪ್ ಎತ್ತೋಣ.