ನೋಟ್‌ಬುಕ್ಕಿನಲ್ಲಿರುವ ಪಾಠಯೋಜನೆ

ಐದನೇ ತರಗತಿಯ ಕಪ್ಪುಹಲಗೆಯ ಮೇಲೆ 52ರಿಂದ 37 ಕಳೆಯುವ ಲೆಕ್ಕ ಬರೆಯಿರಿ. ಹತ್ತು ನಿಮಿಷ ಬಿಟ್ಟು ಮಕ್ಕಳ ನೋಟ್‌ಬುಕ್ ತಿರುವಿ ನೋಡಿ. ಕೆಲವರು 15 ಎಂದು ಬರೆದಿರುತ್ತಾರೆ. ಹಲವರ ಉತ್ತರ 25. ಒಂದಿಬ್ಬರದು 89. ಹಿಂದಿನ ಸಾಲಿನಲ್ಲಿ ಒಬ್ಬಳು ಲೆಕ್ಕವನ್ನು ಅಂದವಾಗಿ ನಕಲು ಮಾಡಿ, ಗೆರೆ ಎಳೆದು, ಕೆಳಗೆ ಏನೂ ಬರೆಯದೆ ಕುಳಿತಿರುತ್ತಾಳೆ.

ಕೆಂಪು ಪೆನ್ನಿನಲ್ಲಿ ಸರಿ, ತಪ್ಪು ಗುರುತು ಹಾಕಿ ಮುಗಿಸಿದರೆ ಆ ತರಗತಿಯಲ್ಲಿ ಎರಡೇ ಬಗೆಯ ಮಕ್ಕಳು ಉಳಿಯುತ್ತಾರೆ. ತಪ್ಪುಗಳನ್ನು ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ. 25 ಎಂದು ಬರೆದ ಹುಡುಗ ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲ ಎಂದು ಕಂಡು, ತಿರುಗಿಸಿ 7ರಿಂದ 2 ಕಳೆದಿದ್ದಾನೆ. ಕಳೆಯುವುದು ಅವನಿಗೆ ಬರುತ್ತದೆ. ಒಂದು ಹತ್ತನ್ನು ಬಿಡಿಸಿ ಹತ್ತು ಬಿಡಿ ಮಾಡಿಕೊಳ್ಳಬಹುದು ಎಂಬುದು ಗೊತ್ತಿಲ್ಲ. 89 ಬರೆದವನು ಕೂಡಿದ್ದಾನೆ. ಅವನು ಚಿಹ್ನೆಯನ್ನೇ ನೋಡಿಲ್ಲ, ಅಥವಾ ಒಂದರ ಕೆಳಗೊಂದು ಸಂಖ್ಯೆ ಕಂಡರೆ ಕೂಡುವುದೇ ರೂಢಿ ಎಂದುಕೊಂಡಿದ್ದಾನೆ. ಏನೂ ಬರೆಯದವಳಿಗೆ 52 ಎಂದರೆ ಐದು ಹತ್ತು, ಎರಡು ಬಿಡಿ ಎಂಬುದೇ ಇನ್ನೂ ಮನಸ್ಸಿಗೆ ಇಳಿದಿರಲಿಕ್ಕಿಲ್ಲ. ಇನ್ನು 15 ಎಂದು ಬರೆದವರು ಇದೇ ಲೆಕ್ಕವನ್ನು ಇನ್ನೊಂದು ಪೀರಿಯಡ್ ಕೇಳಿದರೆ ಕಿಟಕಿಯ ಕಡೆ ನೋಡತೊಡಗುತ್ತಾರೆ.

ಬಿ.ಇಡಿ. ಅಥವಾ ಡಿ.ಇಎಲ್.ಇಡಿ. ಓದುವ ಪ್ರಶಿಕ್ಷಣಾರ್ಥಿ ಶಾಲೆಗೆ ಹೋದಾಗ ಎದುರಾಗುವುದು ಈ ತರಗತಿಯೇ. ಇಂಥ ಕಡೆ ಪಾಠ ಮಾಡುವ ಬಗೆಗೆ ಪಠ್ಯಪುಸ್ತಕಗಳು ವಿಭೇದಿತ ಬೋಧನೆ, ಅಂದರೆ ಡಿಫರೆನ್ಷಿಯೇಟೆಡ್ ಇನ್‌ಸ್ಟ್ರಕ್ಷನ್, ಎಂದು ಹೆಸರಿಟ್ಟಿವೆ. ಇದನ್ನು ಹೆಚ್ಚು ಬೆಳೆಸಿ ಪ್ರಚಾರಕ್ಕೆ ತಂದವರು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಕರೋಲ್ ಆನ್ ಟಾಮ್ಲಿನ್‌ಸನ್. ಅವರೇ ಹಿಂದೆ ಶಾಲಾ ಶಿಕ್ಷಕಿಯಾಗಿದ್ದವರು. ಅವರ ವಿಚಾರದ ಸಾರ ಸರಳ. ತಲುಪಬೇಕಾದ ಗುರಿ ಎಲ್ಲ ಮಕ್ಕಳಿಗೂ ಒಂದೇ. ಕಲಿಯುವ ಸಾಮಗ್ರಿ, ಕಲಿಯುವ ವಿಧಾನ, ಕಲಿತದ್ದನ್ನು ತೋರಿಸುವ ರೀತಿ ಇವುಗಳನ್ನು ಮಗು ಈಗ ಎಲ್ಲಿದೆ ಎಂಬುದಕ್ಕೆ ತಕ್ಕಂತೆ ಶಿಕ್ಷಕರು ಬದಲಿಸಿಕೊಳ್ಳುತ್ತಾರೆ.

ಇದನ್ನು ಕೇಳಿದ ಕೂಡಲೇ ಪ್ರಶಿಕ್ಷಣಾರ್ಥಿಗೆ ಬರುವ ಭಯ ಒಂದೇ: ನಲವತ್ತು ಮಕ್ಕಳಿಗೆ ನಲವತ್ತು ಪಾಠ ಎಲ್ಲಿಂದ ತರುವುದು? ಹಾಗೆ ಯಾರೂ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಮೇಲಿನ ಕಳೆಯುವ ಲೆಕ್ಕಕ್ಕೆ ಮೂರು ಕೆಲಸಗಳು ಸಾಕು. ಏನೂ ಬರೆಯದ ಮಕ್ಕಳಿಗೆ ಹತ್ತು ಹತ್ತರಂತೆ ಕಟ್ಟಿದ ಕಡ್ಡಿಯ ಕಂತೆಗಳನ್ನೂ ಕೆಲವು ಬಿಡಿ ಕಡ್ಡಿಗಳನ್ನೂ ಕೊಟ್ಟು, 52 ಕಡ್ಡಿ ಜೋಡಿಸಿ ತೋರಿಸಲು ಹೇಳುವುದು. 25 ಬರೆದವರಿಗೂ ಅದೇ ಕಡ್ಡಿಗಳೇ, ಆದರೆ ಪ್ರಶ್ನೆ ಬೇರೆ: ಕೈಯಲ್ಲಿ ಎರಡೇ ಬಿಡಿ ಕಡ್ಡಿ ಇವೆ, ಏಳು ಕೊಡಬೇಕು, ಏನು ಮಾಡುತ್ತೀರಿ? ಕಂತೆಯೊಂದನ್ನು ಬಿಚ್ಚಬೇಕು ಎಂದು ಮಗು ತಾನೇ ಕಂಡುಕೊಂಡಾಗ, ಸಾಲ ತೆಗೆದುಕೊಂಡು ಕಳೆಯುವುದು ಎಂದು ದೊಡ್ಡವರು ಹೇಳುವ ಮಾತಿಗೆ ಅರ್ಥ ಬರುತ್ತದೆ. ಸರಿಯಾಗಿ ಮಾಡಿದವರು 402ರಿಂದ 157 ಕಳೆಯಲಿ. ನಡುವೆ ಇರುವ ಸೊನ್ನೆ ಅವರನ್ನು ಒಂದಿಷ್ಟು ಯೋಚಿಸುವಂತೆ ಮಾಡುತ್ತದೆ. ಇಲ್ಲವೇ 25 ಎಂಬ ಉತ್ತರವನ್ನೇ ಕೊಟ್ಟು ಎಲ್ಲಿ ತಪ್ಪಾಗಿದೆ ಎಂದು ವಿವರಿಸಲು ಹೇಳಬಹುದು. ಚಿಹ್ನೆ ನೋಡದವನ ಬಳಿ ಎರಡು ನಿಮಿಷ ನಿಂತು, ಲೆಕ್ಕವನ್ನು ಬಾಯಿಬಿಟ್ಟು ಓದಿಸಿದರೆ ಆಯಿತು.

ಗುರಿ ಬದಲಾಗಲಿಲ್ಲ ಎಂಬುದನ್ನು ಗಮನಿಸಿ. ಹತ್ತು ಬಿಡಿಸಿ ಕಳೆಯುವುದನ್ನು ಎಲ್ಲರೂ ಅರ್ಥ ಮಾಡಿಕೊಳ್ಳಬೇಕು. ಹಿಂದುಳಿದವರಿಗೆ ಸುಲಭದ ಲೆಕ್ಕ ಕೊಟ್ಟು ಅಲ್ಲಿಯೇ ಕೂರಿಸುವುದನ್ನು ವಿಭೇದಿತ ಬೋಧನೆ ಎಂದು ಕರೆಯುವವರಿದ್ದಾರೆ. ಅದು ಮಗುವಿನ ಮೇಲಿನ ಭರವಸೆಯನ್ನೇ ಕೈಬಿಡುವ ಕ್ರಮ.

ಇನ್ನೊಂದು ತಪ್ಪು ತಿಳಿವಳಿಕೆಯೂ ತರಬೇತಿ ಕಾಲೇಜುಗಳಲ್ಲಿ ಬೇರೂರಿದೆ. ಕೆಲವು ಮಕ್ಕಳು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ, ಕೆಲವರು ಮಾಡಿ. ಆದ್ದರಿಂದ ಮಕ್ಕಳನ್ನು ಹಾಗೆ ವಿಂಗಡಿಸಿ ಪಾಠ ಮಾಡಬೇಕು ಎನ್ನುವ ಮಾತು ಅದು. 2008ರಲ್ಲಿ ಮನೋವಿಜ್ಞಾನಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ಈ ಕುರಿತ ಸಂಶೋಧನೆಗಳನ್ನು ಪರಿಶೀಲಿಸಿ, ಹೀಗೆ ವಿಂಗಡಿಸಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ತಕ್ಕ ಪುರಾವೆ ಇಲ್ಲ ಎಂದರು. ಕಡ್ಡಿ ಹಿಡಿದು ಕಲಿತ ಹುಡುಗಿ ಮಾಡಿ ಕಲಿಯುವ ಜಾತಿಯವಳೇನಲ್ಲ. ಆ ಲೆಕ್ಕದಲ್ಲಿ, ಆ ವಾರ, ಅವಳಿಗೆ ಕಡ್ಡಿ ಬೇಕಿತ್ತು, ಅಷ್ಟೆ. ಮುಂದಿನ ವಾರ ಬೇಡವಾಗಬಹುದು.

ಈ ವಿಚಾರವನ್ನು ಪರದೇಶದ ಪುಸ್ತಕದಿಂದಲೇ ಕಲಿಯಬೇಕಾದ ಸ್ಥಿತಿ ಕರ್ನಾಟಕದ ಪ್ರಶಿಕ್ಷಣಾರ್ಥಿಗೆ ಇಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ ನಲಿ-ಕಲಿ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ನಡೆಯುತ್ತಿದ್ದ ಬಹುವರ್ಗ ಬೋಧನೆಯನ್ನು ನೋಡಿ ಬಂದ ನಮ್ಮ ಸರ್ಕಾರಿ ಶಾಲಾ ಶಿಕ್ಷಕರು ಅದನ್ನು ಇಲ್ಲಿಗೆ ಒಗ್ಗಿಸಿಕೊಂಡರು. 2009-10ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆ ಹಬ್ಬಿತು. ಅಲ್ಲಿ ಪಾಠಗಳು ಕಲಿಕಾ ಏಣಿಯಲ್ಲಿ ಮೈಲಿಗಲ್ಲುಗಳಾಗಿ ಜೋಡಣೆಯಾಗಿವೆ. ಮಗು ತಾನಿರುವ ಮೆಟ್ಟಿಲಿನ ಕಾರ್ಡ್ ತೆಗೆದುಕೊಂಡು ಅದಕ್ಕೆ ತಕ್ಕ ಗುಂಪಿನಲ್ಲಿ, ಶಿಕ್ಷಕರ ಮಾತಿನಲ್ಲಿ ಹೇಳುವುದಾದರೆ ಆ ತಟ್ಟೆಯಲ್ಲಿ, ಕೂರುತ್ತದೆ. ಒಂದು ತಟ್ಟೆಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಭಾಗಶಃ ನೆರವು. ಸಹಪಾಠಿಗಳ ನೆರವಿನಿಂದ ಕಲಿಯುವ ತಟ್ಟೆಗಳಿವೆ, ತಾನೇ ಕಲಿಯುವ ತಟ್ಟೆಯೂ ಇದೆ. ಒಂದು ವಾರ ಶಾಲೆ ತಪ್ಪಿಸಿಕೊಂಡ ಮಗು ಮರಳಿ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಕೂಲಿಗೆ, ಜಾತ್ರೆಗೆ, ಸುಗ್ಗಿಗೆ ತಂದೆತಾಯಿಯ ಜೊತೆ ಹೋಗಿ ಬರುವ ಮಕ್ಕಳಿರುವ ಊರುಗಳಲ್ಲಿ ಇದು ಸಣ್ಣ ಅನುಕೂಲವಲ್ಲ.

ನಲಿ-ಕಲಿಯಲ್ಲೂ ಕೊರತೆಗಳಿವೆ. ಕಾರ್ಡ್ ಮುಗಿಸುವುದೇ ಗುರಿಯಾದ ಕಡೆ ಮಗು ಅರ್ಥವಿಲ್ಲದೆ ಮೆಟ್ಟಿಲು ಹತ್ತುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಅದು ಮೂರನೇ ತರಗತಿಗೆ ನಿಲ್ಲುತ್ತದೆ. ನಾಲ್ಕಕ್ಕೆ ಕಾಲಿಟ್ಟ ಮಗುವಿನ ಕೈಗೆ ಎಲ್ಲರಿಗೂ ಒಂದೇ ಪಠ್ಯಪುಸ್ತಕ, ಒಂದೇ ಪುಟ, ಒಂದೇ ವೇಗ. ವರ್ಷದ ಆರಂಭದ ಸೇತುಬಂಧದ ಪರೀಕ್ಷೆ ಮಕ್ಕಳ ಮಟ್ಟ ತಿಳಿಯಲೆಂದೇ ಇದೆ. ಆದರೆ ಆ ಪರೀಕ್ಷೆಯ ಫಲ ನಮೂನೆಗಳಲ್ಲಿ ಉಳಿದು ಜುಲೈ ತಿಂಗಳ ಪಾಠಕ್ಕೆ ತಲುಪದಿದ್ದರೆ ಅದರಿಂದ ಪ್ರಯೋಜನವಿಲ್ಲ.

ಮಟ್ಟಕ್ಕೆ ತಕ್ಕ ಬೋಧನೆ ಫಲ ಕೊಡುತ್ತದೆಯೇ? ನಮ್ಮ ದೇಶದ್ದೇ ಪುರಾವೆ ಇದೆ. 2001ರಿಂದ 2003ರವರೆಗೆ ಮುಂಬೈ ಮತ್ತು ವಡೋದರದ ನಗರಸಭಾ ಶಾಲೆಗಳಲ್ಲಿ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ ಬಾಲಸಖಿ ಎಂಬ ಕಾರ್ಯಕ್ರಮ ನಡೆಸಿತು. ಹಿಂದುಳಿದ ಮೂರು, ನಾಲ್ಕನೇ ತರಗತಿಯ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಪ್ರತ್ಯೇಕವಾಗಿ ಕೂರಿಸಿ, ಸ್ಥಳೀಯ ಯುವತಿಯರು ಓದು ಮತ್ತು ಲೆಕ್ಕದ ಬುನಾದಿ ಕಲಿಸಿದರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅಳೆದು ನೋಡಿದಾಗ ಮಕ್ಕಳ ಕಲಿಕೆ ಸ್ಪಷ್ಟವಾಗಿ ಸುಧಾರಿಸಿತ್ತು, ಅದರಲ್ಲೂ ತೀರಾ ಹಿಂದಿದ್ದವರದು. ಇವರಿಬ್ಬರೂ ಮೈಕೆಲ್ ಕ್ರೆಮರ್ ಜೊತೆ 2019ರ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಅಗತ್ಯವೂ ಕಣ್ಣೆದುರಿಗಿದೆ. ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲವರು 2024ರ ಅಸರ್ (ವಾರ್ಷಿಕ ಶಿಕ್ಷಣ ಸ್ಥಿತಿ ವರದಿ) ಸಮೀಕ್ಷೆಯಲ್ಲಿ ಶೇ 48.8 ಮಾತ್ರ. ಐದನೆಯ ತರಗತಿಯ ಪುಸ್ತಕ ಹಿಡಿದು ಎಲ್ಲರಿಗೂ ಒಂದೇ ಪಾಠ ಮಾಡಿದರೆ ಉಳಿದ ಅರ್ಧ ತರಗತಿಗೆ ಅದು ತಲುಪುವುದಾದರೂ ಹೇಗೆ?

ಗುಂಪು ಮಾಡುವಾಗ ಎಚ್ಚರ ಬೇಕು. ಜೂನ್‌ನಲ್ಲಿ ಮಾಡಿದ ಗುಂಪು ಮಾರ್ಚ್‌ವರೆಗೆ ಹಾಗೆಯೇ ಇದ್ದರೆ ಅದು ದಡ್ಡರ ಸಾಲು ಎಂಬ ಹೆಸರು ಪಡೆಯುತ್ತದೆ. ಆ ಸಾಲಿನಲ್ಲಿ ಯಾರ ಮಕ್ಕಳು ಹೆಚ್ಚು ಕೂರುತ್ತಾರೆ ಎಂಬುದನ್ನು ನಮ್ಮ ಸಮಾಜದಲ್ಲಿ ಬಿಡಿಸಿ ಹೇಳಬೇಕಿಲ್ಲ. ಕಳೆಯುವುದರಲ್ಲಿ ತಡವರಿಸುವ ಹುಡುಗಿ ಆಕೃತಿಗಳ ಪಾಠದಲ್ಲಿ ಎಲ್ಲರಿಗಿಂತ ಮುಂದಿರಬಹುದು. ಗುಂಪು ಪಾಠಕ್ಕೆ ಸೇರಿದ್ದಾಗಿರಲಿ, ಮಗುವಿಗಲ್ಲ. ಎರಡು ವಾರಕ್ಕೊಮ್ಮೆಯಾದರೂ ಮತ್ತೆ ನೋಡಿ ಬದಲಿಸಬೇಕು.

ಭಾಷೆಯ ಮಾತನ್ನೂ ಇಲ್ಲಿಯೇ ಹೇಳಬೇಕು. ಮನೆಯಲ್ಲಿ ಲಂಬಾಣಿ, ಉರ್ದು, ತುಳು ಆಡುವ ಮಗುವಿಗೆ ಕಳೆಯುವುದು ಚೆನ್ನಾಗಿ ಬರುತ್ತಿರಬಹುದು. ಸಂತೆಯಲ್ಲಿ ಅಮ್ಮನ ಪಕ್ಕ ಕುಳಿತು ಚಿಲ್ಲರೆ ಎಣಿಸಿ ಕೊಡುವ ಅದೇ ಮಗು ಪುಸ್ತಕದ ಕನ್ನಡದ ಉದ್ದ ವಾಕ್ಯದ ಎದುರು ನಿಂತುಬಿಡುತ್ತದೆ. ಆಗ ಬೇಕಾದುದು ಸುಲಭದ ಲೆಕ್ಕ ಅಲ್ಲ. ಆ ವಾಕ್ಯವನ್ನು ಮಗುವಿನ ಮಾತಿಗೆ ತರುವ ಒಬ್ಬ ಗೆಳತಿ ಅಥವಾ ಒಂದು ಚಿತ್ರ.

ಇಷ್ಟನ್ನೂ ಪ್ರಶಿಕ್ಷಣಾರ್ಥಿ ಕಲಿಯುವುದು ಎಲ್ಲಿ? ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಬಿ.ಇಡಿ.ಯನ್ನು ಎರಡು ವರ್ಷಕ್ಕೆ ಹಿಗ್ಗಿಸಿ, ಶಾಲೆಯಲ್ಲಿ ಕಳೆಯಬೇಕಾದ ಅವಧಿಯನ್ನು 20 ವಾರಗಳಿಗೆ ಏರಿಸಿದವು. ಅಷ್ಟು ಸಮಯದಲ್ಲಿ ಮಕ್ಕಳನ್ನು ಅರಿಯುವುದು ಸಾಧ್ಯ. ಆದರೆ ಆ ದಿನಗಳ ಬಹುಪಾಲು ಪಾಠಯೋಜನೆಯ ರೆಕಾರ್ಡ್ ತುಂಬುವುದರಲ್ಲಿ, ಚಾರ್ಟ್ ಬರೆಯುವುದರಲ್ಲಿ ಹೋಗುತ್ತದೆ. ಪಾಠ ವೀಕ್ಷಣೆಗೆ ಬಂದ ಉಪನ್ಯಾಸಕರು ಕೊನೆಯ ಬೆಂಚಿನಲ್ಲಿ ಕುಳಿತು ಪೀಠಿಕೆ, ಧ್ವನಿ, ಕಪ್ಪುಹಲಗೆಯ ಅಕ್ಷರ ನೋಡಿ ಅಂಕ ಕೊಡುತ್ತಾರೆ. ಪಕ್ಕದಲ್ಲಿ ಕುಳಿತ ಮಗುವಿನ ನೋಟ್‌ಬುಕ್ ತೆರೆದು ನೋಡುವವರು ಕಡಿಮೆ. ಹೀಗಾಗಿ ಪ್ರಶಿಕ್ಷಣಾರ್ಥಿಯೂ ಉತ್ತರ ಹೇಳುವ ಐದಾರು ಮಕ್ಕಳನ್ನೇ ಎಬ್ಬಿಸಿ ಪಾಠ ಗೆಲ್ಲಿಸುತ್ತಾರೆ. ತಪ್ಪು ಅವರದಲ್ಲ, ಅಳತೆಗೋಲಿನದು.

ಅಳತೆಗೋಲು ಬದಲಾಗಬೇಕು. ಪಾಠಯೋಜನೆಯ ಅಂಕಗಳಲ್ಲಿ ಒಂದು ಪಾಲನ್ನು ಮಕ್ಕಳ ತಪ್ಪುಗಳ ವಿಶ್ಲೇಷಣೆಗೆ ಮೀಸಲಿಡಿ ಎಂದು ಶಿಕ್ಷಣ ಕಾಲೇಜುಗಳನ್ನೂ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳನ್ನೂ (ಡಯಟ್) ಕೇಳಿಕೊಳ್ಳಬೇಕಾಗಿದೆ. ಯಾವ ಮಗು ಏನು ಬರೆದಿದೆ, ಏಕೆ ಹಾಗೆ ಬರೆದಿರಬಹುದು, ನಾಳೆ ಅದಕ್ಕೆ ಏನು ಕೊಡುತ್ತೇನೆ ಎಂದು ಪ್ರಶಿಕ್ಷಣಾರ್ಥಿ ಒಂದು ಪುಟ ಬರೆಯಲಿ. ಬಣ್ಣದ ಚಾರ್ಟಿಗಿಂತ ಆ ಪುಟ ಹೆಚ್ಚು ಬೆಲೆಯುಳ್ಳದ್ದು.

ಕೆಲಸದಲ್ಲಿರುವ ಶಿಕ್ಷಕರ ಕಷ್ಟವೂ ನಿಜ. ಪ್ರಾಥಮಿಕ ತರಗತಿಗಳಲ್ಲಿ ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು ಎಂಬುದು ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕ. ಆ ಲೆಕ್ಕಕ್ಕೆ ತಕ್ಕಂತೆ ಖಾಲಿ ಹುದ್ದೆ ತುಂಬದೆ ವಿಭೇದಿತ ಬೋಧನೆಯ ಉಪದೇಶ ಮಾಡುವುದು ನ್ಯಾಯವಲ್ಲ. ಅದೇ ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರಿಗೆ ಎರಡು ಕರ್ತವ್ಯಗಳನ್ನು ಒಂದರ ಕೆಳಗೊಂದು ಇಟ್ಟಿದೆ: ನಿಗದಿತ ಅವಧಿಯಲ್ಲಿ ಇಡೀ ಪಠ್ಯಕ್ರಮ ಮುಗಿಸಬೇಕು, ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯ ಅಳೆದು ಬೇಕಾದ ಹೆಚ್ಚಿನ ಬೋಧನೆ ಕೊಡಬೇಕು. ಇಲಾಖೆಯ ಭೇಟಿಗಳಲ್ಲಿ ಕೇಳುವುದು ಮೊದಲನೆಯದನ್ನು. ಎರಡನೆಯದನ್ನೂ ಕೇಳುವವರು ಬೇಕು, ಮತ್ತು ಅದಕ್ಕೆ ಶಿಕ್ಷಕರಿಗೆ ಸಮಯ ಕೊಡಬೇಕು.

ಪೋಷಕರೂ ಕೇಳಬಹುದು. ಮುಂದಿನ ಸಭೆಗೆ ಹೋದಾಗ ಎಷ್ಟು ಅಂಕ ಎನ್ನುವುದನ್ನು ಬಿಟ್ಟು, ನಮ್ಮ ಮಗು ಓದಿನಲ್ಲಿ, ಲೆಕ್ಕದಲ್ಲಿ ಈಗ ಎಲ್ಲಿದೆ, ಮುಂದೆ ಏನು ಕಲಿಸುತ್ತೀರಿ ಎಂದು ಮೇಷ್ಟ್ರನ್ನೋ ಟೀಚರನ್ನೋ ವಿನಯದಿಂದ ವಿಚಾರಿಸಿ. ಪೋಷಕರ ಸಭೆ ಕರೆದು ಮಗುವಿನ ಕಲಿಕೆಯ ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯ ಎಂದು ಅದೇ 24ನೇ ಸೆಕ್ಷನ್ ಹೇಳುತ್ತದೆ.