ಪರದೆ ತರೋ ಮೊದಲು ಕಿಟಕಿ ಎದುರು ಕೂತ್ಕೊಳ್ಳಿ

ಹೋದ ವರ್ಷ ಅಮ್ಮನಿಗೆ ಮಂಡಿ ಆಪರೇಷನ್ ಆಯ್ತು. ಎರಡು ತಿಂಗಳು ನಮ್ಮನೇಲೇ ಇರಲಿ ಅಂತ ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಕರೆಸಿಕೊಂಡಿದ್ದೆ. ಹತ್ತೇ ದಿನಕ್ಕೆ ರಾಗ ಶುರುವಾಯ್ತು, "ನನ್ನನ್ನ ಊರಿಗೆ ಕಳಿಸಿಬಿಡೇ."

ಫಿಸಿಯೋಥೆರಪಿ ಇನ್ನೂ ಅರ್ಧವೂ ಆಗಿರಲಿಲ್ಲ. ಅಡುಗೆ ಹಿಡಿಸ್ತಿಲ್ವಾ? ಅಳಿಯನ ಹತ್ತಿರ ಸಂಕೋಚವಾ? ನಾನು ದಿನವಿಡೀ ಆಫೀಸ್ ಕಾಲ್‌ನಲ್ಲೇ ಇರ್ತೀನಿ ಅಂತ ಬೇಜಾರಾ? ಏನು ಕೇಳಿದರೂ "ಹಂಗೇನಿಲ್ಲ" ಅನ್ನೋಳು.

ಒಂದು ದಿನ ಊಟದ ತಟ್ಟೆ ಹಿಡಿದು ಕೋಣೆಗೆ ಹೋದೆ. ಮಲಗಿದ್ದಲ್ಲಿಂದಲೇ ಕೇಳಿದಳು, "ಇದು ಮಧ್ಯಾಹ್ನದ್ದಾ, ರಾತ್ರಿದಾ? ಈ ಕೋಣೇಲಿ ಹೊತ್ತೇ ಗೊತ್ತಾಗಲ್ಲ ಮಾರಾಯ್ತಿ."

ಗಂಟೆ ಒಂದೂವರೆ. ಹೊರಗೆ ಕಣ್ಣು ಕುಕ್ಕೋ ಬಿಸಿಲು. ಒಳಗೆ ಟ್ಯೂಬ್‌ಲೈಟ್. ನಡುವೆ ನಾನೇ ಮೆಚ್ಚಿ ತಂದಿದ್ದ ದಪ್ಪನೆಯ ಬ್ಲ್ಯಾಕ್‌ಔಟ್ ಪರದೆ.

ಆ ಪರದೆ ತಂದ ಕಥೆ ಹೇಳಬೇಕು. ಗೃಹಪ್ರವೇಶಕ್ಕೆ ಒಂದು ವಾರ ಇತ್ತು. ಅಂಗಡಿಯವರು ಆಲ್ಬಂ ಹರವಿದರು, ನಾನು ಫೋನ್‌ನಲ್ಲಿ ಸೋಫಾದ ಫೋಟೋ ತೋರಿಸಿದೆ. "ಐದು ಕಿಟಕಿಗೂ ಇದನ್ನೇ ಹಾಕ್ಬಿಡಿ ಮೇಡಂ, ಲುಕ್ ಬರುತ್ತೆ" ಅಂದರು. ಹಾಕ್ಬಿಟ್ಟೆ. 28 ಸಾವಿರ ಹೋಯ್ತು. ಕಿಟಕಿ ಯಾವ ದಿಕ್ಕಿಗಿದೆ, ಆ ಕೋಣೇಲಿ ಯಾರಿರ್ತಾರೆ, ಎದುರುಗಡೆ ಯಾರಿದ್ದಾರೆ ಅಂತ ಅವರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

"ಪರದೆ ಸರಿಸಿಟ್ಟರಾಯ್ತಲ್ಲ?" ಅಂತ ನೀವು ಕೇಳಬಹುದು. ನಾನೂ ಅದನ್ನೇ ಕೇಳಿದೆ. ಅಮ್ಮ ಕಿಟಕಿಯಾಚೆ ಕೈ ತೋರಿಸಿದಳು. ಎದುರು ಬಿಲ್ಡಿಂಗ್‌ನ ಬಾಲ್ಕನಿ ನಮ್ಮದರಿಂದ ಹದಿನೈದು ಅಡಿ ದೂರವೂ ಇಲ್ಲ. ಅಲ್ಲಿ ಯಾರಾದರೊಬ್ಬರು ಫೋನ್ ಹಿಡಿದು ನಿಂತೇ ಇರ್ತಾರೆ. ಇವಳು ನೈಟಿಯನ್ನು ಮಂಡಿವರೆಗೆ ಎತ್ತಿಕೊಂಡು ದಿನಕ್ಕೆ ಮೂರು ಸಲ ಕಾಲಿನ ವ್ಯಾಯಾಮ ಮಾಡಬೇಕು. ಪರದೆ ತೆಗೆದರೆ ನಾಚಿಕೆ, ಹಾಕಿದರೆ ಕತ್ತಲೆ. ಹತ್ತು ದಿನ ಕತ್ತಲೆಯನ್ನೇ ಆರಿಸಿಕೊಂಡಿದ್ದಳು. ಹೇಳಿದರೆ ಮಗಳ ಹೊಸ ಪರದೆಗೆ ಹೆಸರಿಟ್ಟ ಹಾಗಾಗುತ್ತೆ ಅಂತ ಸುಮ್ಮನಿದ್ದಳಂತೆ.

ಗೃಹಪ್ರವೇಶಕ್ಕೆ ಮೊದಲೇ ಮಾಡಬೇಕಿದ್ದ ಕೆಲಸವನ್ನು ಆ ಭಾನುವಾರ ಮಾಡಿದೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಕಿಟಕಿ ಎದುರೂ ಹತ್ತು ನಿಮಿಷ ಕೂತೆ. ಕಂಡದ್ದನ್ನು ಫೋನ್‌ನಲ್ಲಿ ಬರೆದುಕೊಂಡೆ.

ನಮ್ಮ ಹಾಲ್ ಪೂರ್ವಕ್ಕಿದೆ. ಎಳೆಬಿಸಿಲು ಹತ್ತು ಗಂಟೆ ಹೊತ್ತಿಗೆ ಹಿಂದೆ ಸರಿಯುತ್ತೆ. ಅದನ್ನು ತಡೆಯೋಕೆ ದಪ್ಪ ಬಟ್ಟೆ ಯಾಕೆ? ತೆಳು ಹತ್ತಿ ಬಟ್ಟೆ ಧಾರಾಳ. ನಾನು ಕೆಲಸಕ್ಕೆ ಕೂರೋ ಉತ್ತರದ ಕಿಟಕಿಯಲ್ಲಿ ವರ್ಷದ ಬಹುಪಾಲು ನೇರ ಬಿಸಿಲೇ ಇಲ್ಲ, ಹಿತವಾದ ಬೆಳಕು. ಅಲ್ಲಿಗೆ ಜಾಲರಿಯಂಥ ಶೀರ್ ಪರದೆ ಸಾಕು. ನಿಮ್ಮನೇಲಿ ದಕ್ಷಿಣದ ಕಿಟಕಿ ಇದ್ದರೆ ಡಿಸೆಂಬರ್‌ನಲ್ಲಿ ಗಮನಿಸಿ, ಸೂರ್ಯ ಆ ಕಡೆಗೆ ವಾಲಿರೋದರಿಂದ ಬಿಸಿಲು ಕೋಣೆಯ ಒಳಗಿನವರೆಗೂ ಬರುತ್ತೆ.

ತೊಂದರೆ ಇರೋದು ಪಶ್ಚಿಮದ್ದು. ಮೂರು ಗಂಟೆ ಆದಮೇಲೆ ಸೂರ್ಯ ಕೆಳಗಿಳೀತಾನೆ, ಬಿಸಿಲು ಸಜ್ಜಾದ ಅಡಿಯಿಂದ ತೂರಿಕೊಂಡು ನೇರ ಹಾಸಿಗೆಗೆ ಬೀಳುತ್ತೆ. ಅದು ನಮ್ಮ ಬೆಡ್‌ರೂಮ್. ನನ್ನ ಗಂಡನಿಗೆ ನೈಟ್ ಶಿಫ್ಟ್, ಹಗಲೇ ನಿದ್ದೆ. ಐದು ಕಿಟಕಿಯಲ್ಲಿ ಬ್ಲ್ಯಾಕ್‌ಔಟ್ ಪರದೆ ಸರಿಯಾಗಿ ಬೇಕಿದ್ದದ್ದು ಇದೊಂದಕ್ಕೇ!

ಆದರೆ ಒಂದು ಮಾತು. ಬ್ಲ್ಯಾಕ್‌ಔಟ್ ಬೆಳಕನ್ನು ತಡೆದಷ್ಟು ಚೆನ್ನಾಗಿ ಸೆಕೆಯನ್ನು ತಡೆಯಲ್ಲ. ಪರದೆಗೆ ತಾಗೋ ಹೊತ್ತಿಗೆ ಬಿಸಿಲು ಗಾಜು ದಾಟಿ ಒಳಗೆ ಬಂದಾಗಿರುತ್ತೆ. ಏಪ್ರಿಲ್‌ನಲ್ಲಿ ಪರದೆ ಮುಟ್ಟಿ ನೋಡಿ, ಬೆಚ್ಚಗಿರುತ್ತೆ. ಬಿಸಿಲನ್ನು ಗಾಜಿನ ಹೊರಗೇ ತಡೆಯೋದು ಜಾಣತನ. ಹಿಂದಿನವರು ಬೇಸಿಗೆಯಲ್ಲಿ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದದ್ದು ಸುಮ್ಮನೆ ಅಲ್ಲ. ನಾವು ಬೆಡ್‌ರೂಮಿನ ಆಚೆಗಿರೋ ಬಾಲ್ಕನಿಗೆ ಬಿದಿರಿನ ಪರದೆ ಇಳಿಬಿಟ್ಟೆವು. ಎಸಿ ರಿಮೋಟ್ ಹುಡುಕೋದು ಕಡಿಮೆಯಾಯ್ತು.

ಸಂಜೆ ಏಳೂವರೆಗೆ ಮನೆಯ ಎಲ್ಲ ದೀಪ ಹಾಕಿ, ಶೀರ್ ಪರದೆ ಎಳೆದು, ಕೆಳಗಿಳಿದು ರಸ್ತೆಯಲ್ಲಿ ನಿಂತು ನೋಡಿದೆ. ಎದೆ ಧಸಕ್ಕೆಂದಿತು. ನನ್ನ ಗಂಡ ಬನಿಯನ್‌ನಲ್ಲಿ ಓಡಾಡೋದು ಇಡೀ ಬೀದಿಗೇ ಕಾಣ್ತಿತ್ತು! ಹಗಲಲ್ಲಿ ಹೊರಗೆ ಬೆಳಕು ಜಾಸ್ತಿ, ಹಾಗಾಗಿ ತೆಳು ಪರದೆಯಾಚೆ ಒಳಗಿನದು ಕಾಣಲ್ಲ. ರಾತ್ರಿ ದೀಪ ಹಾಕಿದೊಡನೆ ಲೆಕ್ಕ ಉಲ್ಟಾ. ಎದುರುಮನೆ ಹತ್ತಿರವಿರೋ ಕೋಣೆಗಳಿಗೆ ಡಬಲ್ ರಾಡ್ ಹಾಕಿಸಿ, ಹಗಲಿಗೆ ತೆಳುವಾದದ್ದು, ರಾತ್ರಿಗೆ ದಪ್ಪದ್ದು. ಮನೆ ನೋಡೋರು ಈ ಪರೀಕ್ಷೆಯನ್ನು ಮರೀಬೇಡಿ.

ಇನ್ನು ಅಮ್ಮನ ಕೋಣೆ. ಅದಕ್ಕೆ ಉಪಾಯ ಹೇಳಿದ್ದು ಅಮ್ಮನೇ. "ನಮ್ಮನೇಲಿ ಹೆಂಗಿತ್ತು, ನೆನಪಿಲ್ವಾ?" ಅಂದಳು. ಊರಲ್ಲಿ ಕಿಟಕಿಯ ಕೆಳಗಿನರ್ಧಕ್ಕೆ ಮಾತ್ರ ಬಟ್ಟೆ. ಎರಡೂ ಕಡೆ ಕೊಕ್ಕೆ, ನಡುವೆ ಸ್ಪ್ರಿಂಗ್, ಅದರಲ್ಲಿ ಪೋಣಿಸಿದ ಅರ್ಧ ಪರದೆ. ನಾನು ಅದನ್ನು ಹಳೇ ಕಾಲದ್ದು ಅಂದುಕೊಂಡಿದ್ದೆ. ಲೆಕ್ಕ ಹಾಕಿದರೆ ಎಷ್ಟು ಸರಿ! ಎದುರು ಬಾಲ್ಕನಿಯಲ್ಲಿ ನಿಂತವರ ಕಣ್ಣಿಗೆ ಹಾಸಿಗೆ ಕಾಣಲ್ಲ. ಮಲಗಿದವಳಿಗೆ ಮೇಲಿನರ್ಧದಲ್ಲಿ ಆಕಾಶವೂ ಹೊಂಗೆ ಮರದ ಕೊಂಬೆಯೂ ಕಾಣುತ್ತೆ.

ಅಮ್ಮನ ಬ್ಯಾಗ್‌ನಲ್ಲಿದ್ದ ಹಳೇ ಹತ್ತಿ ಸೀರೆಯನ್ನೇ ತೆಗೆದೆವು. ನಾಲ್ಕಡಿ ಅಗಲದ ಕಿಟಕಿಗೆ ನೆರಿಗೆ ಚೆನ್ನಾಗಿ ಬರೋಕೆ ಎರಡರಷ್ಟು, ಅಂದ್ರೆ ಎಂಟಡಿ ಬಟ್ಟೆ ಬೇಕು. ಆರು ಗಜದ ಒಂದು ಸೀರೆಯಲ್ಲಿ ಅಂಥ ಎರಡು ಕಿಟಕಿ ಆಗುತ್ತೆ. ಅಂಚು ಕೆಳಗೆ ಬರೋ ಹಾಗೆ ಟೈಲರ್ ಹೊಲಿದುಕೊಟ್ಟರು. ರಾತ್ರಿಗೆ ಹಳೇ ದಪ್ಪ ಪರದೆ ಇದ್ದೇ ಇದೆ.

ನೀವು ಹೊಸದಾಗಿ ಕೊಳ್ಳೋದಾದರೆ ಒಂದಿಷ್ಟು ಲೆಕ್ಕ. ರೆಡಿಮೇಡ್ ಪರದೆ ಸಾಮಾನ್ಯವಾಗಿ 5, 7, 9 ಅಡಿ ಉದ್ದದಲ್ಲಿ ಸಿಗುತ್ತೆ. ಅಳೆಯದೆ ಆರ್ಡರ್ ಮಾಡಬೇಡಿ. ರಾಡ್ ಕಿಟಕಿಗಿಂತ ಎರಡೂ ಬದಿ ಆರೆಂಟು ಇಂಚು ಹೆಚ್ಚಿರಲಿ, ಆಗ ಪರದೆ ಸರಿಸಿದರೆ ಕಿಟಕಿ ಪೂರ್ತಿ ತೆರೆಯುತ್ತೆ. ಬಟ್ಟೆಯ ಅಗಲ ರಾಡ್‌ನ ಎರಡರಷ್ಟು. ಹತ್ತಿ ಬಟ್ಟೆಯಾದರೆ ಹೊಲಿಸೋ ಮೊದಲು ಒಮ್ಮೆ ಒಗೆದುಬಿಡಿ, ಆಮೇಲೆ ಗಿಡ್ಡವಾಗೋದು ತಪ್ಪುತ್ತೆ. ರಸ್ತೆ ಬದಿಯ ಮನೆಗೆ ವೆಲ್ವೆಟ್ ಬೇಡ, ಧೂಳು ಹಿಡಿದು ಕೂರುತ್ತೆ. ಮಷೀನ್‌ಗೆ ಹಾಕಬಹುದಾದ್ದೇ ವಾಸಿ. ಒಲೆ ಪಕ್ಕ ತೂಗಾಡೋ ಪರದೆ ಬೇಡವೇ ಬೇಡ. ಬಾಡಿಗೆ ಮನೆಯಲ್ಲಿ ಓನರ್ ಗೋಡೆ ಕೊರೆಯೋಕೆ ಬಿಡದಿದ್ದರೆ, ಎರಡು ಗೋಡೆ ನಡುವೆ ಬಿಗಿಯಾಗಿ ಕೂರೋ ಟೆನ್ಷನ್ ರಾಡ್ ಸಿಗುತ್ತೆ. ಅದಕ್ಕೆ ಹಗುರ ಬಟ್ಟೆ ಮಾತ್ರ ಹಾಕಿ.

ಮನೇಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಮಾತ್ರ ಮರೀಲೇಬೇಡಿ. ಬ್ಲೈಂಡ್ಸ್‌ನ ನೇತಾಡೋ ದಾರ ಕುತ್ತಿಗೆಗೆ ಸುತ್ತಿಕೊಂಡರೆ ಪ್ರಾಣಕ್ಕೇ ಅಪಾಯ. ದಾರವಿಲ್ಲದ ಬ್ಲೈಂಡ್ಸ್ ಕೇಳಿ. ಈಗಾಗಲೇ ದಾರ ಇದ್ದರೆ ಗೋಡೆಗೆ ಎತ್ತರದಲ್ಲಿ ಕೊಕ್ಕೆ ಹೊಡೆದು ಸುತ್ತಿಡಿ, ಮಂಚ, ತೊಟ್ಟಿಲನ್ನು ಕಿಟಕಿಯಿಂದ ದೂರ ಸರಿಸಿ.

ಅರ್ಧ ಪರದೆ ಹಾಕಿದ ಮೂರನೇ ದಿನ ನಾನು ಮೀಟಿಂಗ್‌ನಲ್ಲಿದ್ದೆ. ಒಳಗಿಂದ ಅಮ್ಮ ಕೂಗಿದಳು, "ಬಿಸಿಲು ಹೊಂಗೆ ತುದಿಗೆ ಹೋಯ್ತು, ಕಾಫಿ ಇಡೇ." ಗಡಿಯಾರ ನೋಡಿದೆ, ನಾಲ್ಕೂಕಾಲು.

ಊರಿಗೆ ಹೋಗೋ ಮಾತು ಆಮೇಲೆ ಬರಲಿಲ್ಲ. ಎರಡು ತಿಂಗಳು ಪೂರ್ತಿ ಇದ್ದು, ಕೋಲು ಬಿಟ್ಟು ನಡೆದೇ ಹೋದಳು. ಕಾರು ಹತ್ತುವಾಗ ಕಿಟಕಿ ಇಳಿಸಿ ಹೇಳಿದಳು, "ಆ ಪರದೆ ಒಗೆಯೋವಾಗ ಸ್ಪ್ರಿಂಗ್ ಬಿಚ್ಚಿಡು. ನೆನೆದರೆ ತುಕ್ಕು ಹಿಡಿಯುತ್ತೆ, ಸೀರೆ ಕಲೆಯಾಗುತ್ತೆ."